‘ಬಂದಿಲ್ಲ’, ‘ಬರಲಿಲ್ಲ’: ಇಂಗ್ಲಿಷ್ ಕಲಿಸುವವರಿಗೊಂದು ಬಹಿರಂಗ ಪತ್ರ

ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಿರುವ ಶಿಕ್ಷಕ ಶಿಕ್ಷಕಿಯರೇ,



ನಿಮ್ಮದೇ ಕೆಲಸವನ್ನು ಮಲೆನಾಡಿನ ಹಳ್ಳಿಗಳ ಪ್ರೌಢಶಾಲೆಗಳಲ್ಲಿ ಮಾಡಿ ನಿವೃತ್ತಳಾದವಳು ನಾನು. ಈ ಪತ್ರದ ವಿಷಯ ಒಂದೇ, ‘ಪ್ರೆಸೆಂಟ್ ಪರ್ಫೆಕ್ಟ್’. ಇಡೀ ಇಂಗ್ಲಿಷ್ ವ್ಯಾಕರಣದಲ್ಲಿ ಅದೊಂದನ್ನೇ ಹಿಡಿದು ಪತ್ರ ಬರೆಯುವುದೇಕೆ ಎಂದು ನೀವು ಕೇಳಬಹುದು. ನಮ್ಮ ಮಕ್ಕಳು ಹತ್ತನೇ ತರಗತಿ ದಾಟಿ, ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿದ ಮೇಲೂ ಅವರನ್ನು ಬಿಡದ ತಪ್ಪು ಅಲ್ಲಿಯದು. ಅವರಿಗೆ ನಾವು ಬಹಳ ಸುಲಭವಾಗಿ ಕಲಿಸಬಹುದಾದ ಪಾಠವೂ ಅದೇ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಅದರ ಮುಕ್ಕಾಲು ಪಾಲು ಅವರಿಗೆ ಆಗಲೇ ಗೊತ್ತಿದೆ, ಕನ್ನಡದಲ್ಲಿ ಗೊತ್ತಿದೆ.

ಬೆಳಗಿನ ಹಾಜರಿಯನ್ನೇ ನೋಡಿ. ನೀವು ಹೆಸರು ಕೂಗುತ್ತೀರಿ, ಉತ್ತರವಿಲ್ಲ. ಪಕ್ಕದ ಬೆಂಚಿನವಳು ‘ಅವಳು ಬಂದಿಲ್ಲ ಮಿಸ್’ ಎನ್ನುತ್ತಾಳೆ. ಮರುದಿನ ಆ ಹುಡುಗಿ ಬಂದಾಗ ನೀವು ಕೇಳುವುದು ‘ನಿನ್ನೆ ಯಾಕೆ ಬರಲಿಲ್ಲ?’ ಎಂದು. ಒಂದು ದಿನದೊಳಗೆ ‘ಬಂದಿಲ್ಲ’ ಹೋಗಿ ‘ಬರಲಿಲ್ಲ’ ಆಯಿತು. ಯಾರೂ ಅದನ್ನು ಪಾಠ ಮಾಡಿ ಹೇಳಿಕೊಟ್ಟದ್ದಲ್ಲ. ‘ಬಂದಿಲ್ಲ’ ಎನ್ನುವಾಗ ದಿನವಿನ್ನೂ ಮುಗಿದಿಲ್ಲ, ಎರಡನೇ ಪೀರಿಯಡ್ಡಿಗೆ ಅವಳು ಬಂದರೂ ಬಂದಾಳು. ‘ಬರಲಿಲ್ಲ’ ಎನ್ನುವಾಗ ಆ ದಿನದ ಲೆಕ್ಕ ಮುಗಿದಿದೆ. ಇಂಗ್ಲಿಷಿನ ‘ಶೀ ಹ್ಯಾಸ್ ನಾಟ್ ಕಮ್’, ‘ಶೀ ಡಿಡ್ ನಾಟ್ ಕಮ್’ ಎರಡರ ನಡುವೆ ಇರುವುದು ಇದೇ ವ್ಯತ್ಯಾಸ. ಕೆಲವು ಕಡೆಯ ಆಡುಮಾತಿನಲ್ಲಿ ‘ನಿನ್ನೆ ಯಾಕೆ ಬಂದಿಲ್ಲ’ ಎಂದೂ ಕೇಳುತ್ತಾರೆ, ನಿಜ. ಆದರೆ ಇವತ್ತಿನ ಹಾಜರಿಗೆ ‘ಬರಲಿಲ್ಲ’ ಎಂದು ಹೇಳುವ ಮಗುವನ್ನು ನಾನು ಕಂಡದ್ದು ಕಡಿಮೆ.

ಎಂಟನೇ ತರಗತಿಯಲ್ಲೊಬ್ಬ ಹುಡುಗನಿದ್ದ. ‘ಹ್ಯಾವ್ ಆರ್ ಹ್ಯಾಸ್ ಪ್ಲಸ್ ವಿ ತ್ರೀ’ ಎಂದು ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದ. ಒಂದು ವಾಕ್ಯ ಮಾಡು ಎಂದರೆ ಮಾತ್ರ ತಲೆ ತಗ್ಗಿಸುತ್ತಿದ್ದ. ಒಂದು ದಿನ ನಾನು ಬೋರ್ಡಿನ ಮೇಲೆ ಕನ್ನಡದಲ್ಲೇ ಎರಡು ವಾಕ್ಯ ಬರೆದೆ. ‘ಬಸ್ಸು ಬಂದಿಲ್ಲ.’ ‘ಬಸ್ಸು ಬರಲಿಲ್ಲ.’ ಯಾವುದನ್ನು ಯಾರು, ಎಲ್ಲಿ ನಿಂತು ಹೇಳುತ್ತಾರೆ ಎಂದು ಕೇಳಿದೆ. ಅವನು ಎದ್ದು ನಿಂತು, ‘ಮೊದಲನೇದು ಸ್ಟ್ಯಾಂಡಲ್ಲಿ ಕಾಯ್ತಾ ಇರೋನು ಹೇಳ್ತಾನೆ ಮಿಸ್. ಎರಡನೇದು ನಡ್ಕೊಂಡು ಮನೆ ಸೇರಿದೋನು ಹೇಳ್ತಾನೆ’ ಎಂದ. ಇಷ್ಟು ನಿಖರವಾದ ವಿವರಣೆಯನ್ನು ನಾನು ಯಾವ ವ್ಯಾಕರಣ ಪುಸ್ತಕದಲ್ಲೂ ಓದಿರಲಿಲ್ಲ. ಆ ಎರಡು ವಾಕ್ಯಗಳ ಕೆಳಗೆ ಇಂಗ್ಲಿಷಿನ ಎರಡು ವಾಕ್ಯ ಬರೆಯುವುದಷ್ಟೇ ನನಗೆ ಉಳಿದ ಕೆಲಸ.

ಹೀಗಿರುವಾಗ ತೊಡಕಾಗುವುದೆಲ್ಲಿ? ಕನ್ನಡ ಪೀರಿಯಡ್ಡಿನಲ್ಲಿ ಕಾಲಗಳು ಮೂರು. ಉತ್ತ, ದ, ವ ಎಂಬ ಪ್ರತ್ಯಯ ಹಚ್ಚಿ ವರ್ತಮಾನ, ಭೂತ, ಭವಿಷ್ಯತ್ ಎಂದು ಕಲಿಯುತ್ತಾರೆ. ಹಗಲೂ ರಾತ್ರಿ ಬಾಯಲ್ಲಿ ಬರುವ ‘ಬಂದಿದ್ದಾನೆ’ ಎಂಬ ರೂಪಕ್ಕೆ ಆ ಕೋಷ್ಟಕದಲ್ಲಿ ಜಾಗವೇ ಇಲ್ಲ. ಇಂಗ್ಲಿಷ್ ಪೀರಿಯಡ್ಡಿಗೆ ಬಂದರೆ ಹನ್ನೆರಡು ಮನೆಗಳ ದೊಡ್ಡ ಚಾರ್ಟು. ಒಂದು ಪಾಠ ಇನ್ನೊಂದರ ಕಡೆ ತಿರುಗಿಯೂ ನೋಡುವುದಿಲ್ಲ. ಕನ್ನಡಕ್ಕೆ ಕನ್ನಡದ್ದೇ ಆದ ವ್ಯಾಕರಣ ಬೇಕು ಎಂದು ಡಿ.ಎನ್. ಶಂಕರ ಭಟ್ಟರು ಅಷ್ಟೊಂದು ಬರೆದರಲ್ಲ, ಅದನ್ನು ನಾವು ಕನ್ನಡ ಮೇಷ್ಟರ ವಿಷಯವೆಂದು ಪಕ್ಕಕ್ಕಿಟ್ಟೆವು. ಇಂಗ್ಲಿಷ್ ಕಲಿಸುವ ನಮಗೂ ಅದು ಅಷ್ಟೇ ಬೇಕು. ನಮ್ಮ ಸ್ಟಾಫ್ ರೂಮುಗಳ ಕಪಾಟಿನಲ್ಲಿ ಇವತ್ತಿಗೂ ಇರುವ ರೆನ್ ಮತ್ತು ಮಾರ್ಟಿನ್ ಪುಸ್ತಕವನ್ನೇ ತೆಗೆದುಕೊಳ್ಳಿ. ನಾನು ಅದನ್ನು ಗೌರವಿಸುತ್ತೇನೆ, ಅದರಿಂದ ಕಲಿತವಳು. ಆದರೆ ಅದು 1930ರ ದಶಕದಲ್ಲಿ, ಮುಖ್ಯವಾಗಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗೆಂದು ಹುಟ್ಟಿದ ಪುಸ್ತಕ. ಆ ಮಕ್ಕಳು ಮನೆಯಲ್ಲಿ ಇಂಗ್ಲಿಷ್ ಆಡುತ್ತಿದ್ದರು. ಕನ್ನಡ ಆಡುವ ಮಗು ಎಲ್ಲಿ ಎಡವುತ್ತದೆ ಎಂದು ಅದು ಹೇಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅದನ್ನು ಹೇಳಬೇಕಾದವರು ನಾವು.

ರೂಪದಲ್ಲೂ ಎರಡು ಭಾಷೆಗಳು ದೂರವಿಲ್ಲ. ‘ಬಂದು’ ಮತ್ತು ‘ಇದ್ದಾನೆ’ ಸೇರಿ ‘ಬಂದಿದ್ದಾನೆ’. ಬರುವ ಕೆಲಸ ಮುಗಿದಿದೆ, ಬಂದವನು ಈಗ ಇದ್ದಾನೆ. ಹಿಂದಿನದನ್ನೂ ಈಗಿನದನ್ನೂ ಒಂದೇ ಪದದಲ್ಲಿ ಕಟ್ಟಿದ ರೂಪ ಇದು. ಇಂಗ್ಲಿಷಿನಲ್ಲೂ ಬಹಳ ಕಾಲ ಬರು, ಹೋಗು ಮುಂತಾದ ಕ್ರಿಯಾಪದಗಳಿಗೆ ‘ಹ್ಯಾಸ್’ ಬದಲು ‘ಈಸ್’ ಹಚ್ಚುತ್ತಿದ್ದರು. ‘ಹೀ ಈಸ್ ಕಮ್’ ಎಂಬಂಥ ರೂಪ 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ಮತ್ತೆ ಮತ್ತೆ ಸಿಗುತ್ತದೆ. ನಮ್ಮ ‘ಬಂದಿದ್ದಾನೆ’ಗೆ ಅದು ಎಷ್ಟು ಹತ್ತಿರ! ಆಮೇಲೆ ‘ಹ್ಯಾವ್’ ಎಲ್ಲವನ್ನೂ ಆವರಿಸಿಕೊಂಡಿತು.

‘ಗೋ, ವೆಂಟ್, ಗಾನ್’ ಎಂದು ಮೂರು ರೂಪ ಬಾಯಿಪಾಠ ಮಾಡಿಸುವಾಗ ಮಕ್ಕಳು ಬೇಸರಪಡುತ್ತಾರೆ. ಆಗ ಕನ್ನಡದ ‘ಹೋಗು’ ತೋರಿಸಿ. ‘ಹೋದ’ ಎನ್ನುತ್ತೇವೆ, ಆದರೆ ‘ಹೋದಿದ್ದಾನೆ’ ಎನ್ನುವುದಿಲ್ಲ, ‘ಹೋಗಿದ್ದಾನೆ’ ಎನ್ನುತ್ತೇವೆ. ‘ಆಗು’ವಿನದೂ ಇದೇ ಕಥೆ: ‘ಆಯಿತು’, ಆದರೆ ‘ಆಗಿದೆ’. ‘ಹ್ಯಾಸ್ ವೆಂಟ್’ ಎಂದರೆ ಇಂಗ್ಲಿಷ್ ಕಿವಿಗೆ ಹೇಗೆ ಕೇಳುತ್ತದೆ ಎಂದು ತಿಳಿಯಲು ‘ಹೋದಿದ್ದಾನೆ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿಸಿದರೆ ಸಾಕು, ತರಗತಿಯೇ ನಗುತ್ತದೆ, ನೆನಪಿನಲ್ಲೂ ಇಟ್ಟುಕೊಳ್ಳುತ್ತದೆ. ದಕ್ಷಿಣ ಕನ್ನಡ, ಉಡುಪಿ ಕಡೆಯ ಶಿಕ್ಷಕರು ತುಳು ಮಕ್ಕಳಿಗೆ ‘ಬತ್ತೆ’, ‘ಬೈದೆ’ ಎರಡನ್ನೂ ಬರೆದು ತೋರಿಸಿ. ಬಂದ ಎಂಬುದಕ್ಕೂ ಬಂದಿದ್ದಾನೆ ಎಂಬುದಕ್ಕೂ ತುಳುವಿನಲ್ಲಿ ಬೇರೆ ಬೇರೆ ರೂಪಗಳೇ ಇವೆ. ಆ ಮಕ್ಕಳಿಗೆ ಕನ್ನಡದ ದಾರಿಯೂ ಬೇಕಾಗಿಲ್ಲ.

ಇನ್ನು ಕನ್ನಡ ಕೈಕೊಡುವ ಜಾಗಗಳು. ನನ್ನ ಅನುಭವದಲ್ಲಿ ಮಕ್ಕಳ ತಪ್ಪುಗಳೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಬರುತ್ತವೆ. ಹಾಗಾಗಿ ಫಾರ್ಮುಲಾಕ್ಕೆ ಕೊಡುವ ಸಮಯವನ್ನು ಇಲ್ಲಿ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

‘ಅಣ್ಣ ನಿನ್ನೆಯೇ ಬಂದಿದ್ದಾನೆ.’ ಶುದ್ಧ ಕನ್ನಡ. ಅಣ್ಣ ಇನ್ನೂ ಮನೆಯಲ್ಲಿದ್ದಾನೆ ಎಂಬುದು ‘ಇದ್ದಾನೆ’ಯಲ್ಲಿ ಬಂತು, ಯಾವಾಗ ಬಂದ ಎಂಬುದು ‘ನಿನ್ನೆ’ಯಲ್ಲಿ ಬಂತು. ಕನ್ನಡಕ್ಕೆ ಎರಡೂ ಒಟ್ಟಿಗೆ ಹಿಡಿಸುತ್ತವೆ. ಇಂಗ್ಲಿಷಿಗೆ ಹಿಡಿಸುವುದಿಲ್ಲ. ಮುಗಿದ ಹೊತ್ತನ್ನು ಹೆಸರಿಸಿದ ಕೂಡಲೇ ಅದು ‘ಹ್ಯಾಸ್ ಕಮ್’ ಎಂಬ ಬಾಗಿಲನ್ನು ಮುಚ್ಚಿಬಿಡುತ್ತದೆ. ‘ಕೇಮ್ ಯೆಸ್ಟರ್ಡೇ’ ಎಂದೇ ಹೇಳಬೇಕು. ನಿನ್ನೆ, ಹೋದ ವಾರ, ಸೋಮವಾರ, 2010ರಲ್ಲಿ, ನಾನು ಚಿಕ್ಕವಳಿದ್ದಾಗ, ಎರಡು ದಿನದ ಹಿಂದೆ: ಇವುಗಳಲ್ಲಿ ಯಾವುದು ವಾಕ್ಯದಲ್ಲಿದ್ದರೂ ಸರಿ, ಪರ್ಫೆಕ್ಟಿಗೆ ಅಲ್ಲಿ ಜಾಗವಿಲ್ಲ.

ಈ ಅಭ್ಯಾಸವನ್ನು ನಮ್ಮಲ್ಲಿ ಗಟ್ಟಿಮಾಡುವುದರಲ್ಲಿ ಪತ್ರಿಕೆಗಳ ಕನ್ನಡದ ಪಾಲೂ ಇದೆ. ‘ಸೋಮವಾರ ರಾತ್ರಿ ಕಳ್ಳತನ ನಡೆದಿದೆ’, ‘ಸಚಿವರು ಮಂಗಳವಾರ ಹೇಳಿದ್ದಾರೆ’ ಎಂಬ ವಾಕ್ಯಗಳಿಲ್ಲದ ದಿನವಿಲ್ಲ. ಕನ್ನಡದಲ್ಲಿ ಅವು ತಪ್ಪಲ್ಲ. ಇದೇ ವಾಕ್ಯವನ್ನು ಇಂಗ್ಲಿಷಿಗೆ ತರುವ ಯುವಕ ‘ದ ಮಿನಿಸ್ಟರ್ ಹ್ಯಾಸ್ ಸೆಡ್ ಆನ್ ಟ್ಯೂಸ್ಡೇ’ ಎಂದು ಬರೆಯುತ್ತಾನೆ. ಅವನು ಅಜ್ಞಾನಿಯಲ್ಲ. ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ, ಅಷ್ಟೆ. ಅವನ ಕಾಪಿಯ ಮೇಲೆ ಕೆಂಪು ಗೀಟು ಎಳೆಯುವಾಗ ಇದು ನಮ್ಮ ಮನಸ್ಸಿನಲ್ಲಿರಬೇಕು.

ತರಗತಿಗೆ ನಾನು ಒಯ್ಯುತ್ತಿದ್ದ ಉದಾಹರಣೆ ಶಿವರಾಮ ಕಾರಂತರದು. ‘ಕಾರಂತರು 1933ರಲ್ಲಿ ಚೋಮನ ದುಡಿ ಪ್ರಕಟಿಸಿದ್ದಾರೆ’ ಎಂದು ಕನ್ನಡದಲ್ಲಿ ಬರೆದರೆ ಯಾರೂ ತಿದ್ದುವುದಿಲ್ಲ. ಇಂಗ್ಲಿಷಿನಲ್ಲಿ 1933 ಬಂತೆಂದರೆ ‘ಪಬ್ಲಿಷ್ಡ್’ ಮಾತ್ರ, ‘ಹ್ಯಾಸ್’ ಸೇರುವಂತಿಲ್ಲ. ಕಾರಂತರು 1977ರ ಸಾಲಿನ ಜ್ಞಾನಪೀಠ ಪಡೆದರು ಎನ್ನಲಿಕ್ಕೂ ‘ವನ್’ ಸಾಕು. ಆದರೆ ಕನ್ನಡಕ್ಕೆ ಇದುವರೆಗೆ ಎಂಟು ಜ್ಞಾನಪೀಠ ಬಂದಿವೆ ಎನ್ನುವಾಗ ‘ಕನ್ನಡ ರೈಟರ್ಸ್ ಹ್ಯಾವ್ ವನ್ ಏಯ್ಟ್’ ಎಂದೇ ಆಗಬೇಕು. ಕುವೆಂಪು ಅವರಿಂದ ಕಂಬಾರರವರೆಗೆ ಬಂದ ಆ ಲೆಕ್ಕ ಮುಗಿದಿಲ್ಲ, ಒಂಬತ್ತನೆಯದು ಯಾವತ್ತಾದರೂ ಸೇರಬಹುದು. ‘ಇದುವರೆಗೆ’ ಎಂಬ ನಮ್ಮ ಪದ ಕಂಡಲ್ಲೆಲ್ಲ ಇಂಗ್ಲಿಷಿನ ಪರ್ಫೆಕ್ಟ್ ಸಲೀಸಾಗಿ ಕೂರುತ್ತದೆ. ಬದುಕಿರುವ ಲೇಖಕರ ಬಗ್ಗೆ ‘ಹ್ಯಾಸ್ ರಿಟನ್ ಟೆನ್ ನಾವೆಲ್ಸ್’ ಎನ್ನುವವರು, ತೀರಿಕೊಂಡವರ ಬಗ್ಗೆ ‘ರೋಟ್’ ಎನ್ನುವುದೂ ಇದೇ ಕಾರಣಕ್ಕೆ. ಈ ಸೂಕ್ಷ್ಮ ಹತ್ತನೇ ತರಗತಿಯವರಿಗೆ ಹೆಚ್ಚಾಯಿತು ಎಂದು ನನಗೆ ಒಮ್ಮೆಯೂ ಅನಿಸಿಲ್ಲ. ಅವರ ಕಣ್ಣರಳುವುದೇ ಇಂಥ ಕಡೆ.

ಆಮೇಲೆ ‘ಇಂದ’. ನಮ್ಮ ತೃತೀಯೆ ಮಾಡುವ ಅವಾಂತರ ಸಣ್ಣದಲ್ಲ. ‘2015ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’, ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’. ಎರಡಕ್ಕೂ ಒಂದೇ ಪ್ರತ್ಯಯ, ಎರಡರಲ್ಲೂ ‘ಮಾಡುತ್ತಿದ್ದೇನೆ’. ಅದು ಹಾಗೆಯೇ ಇಂಗ್ಲಿಷಿಗೆ ಇಳಿದು ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಆಗುತ್ತದೆ. ನಮ್ಮ ರಾಜ್ಯದ ಎಷ್ಟು ಅರ್ಜಿಗಳಲ್ಲಿ ಈ ವಾಕ್ಯ ಕೂತಿದೆಯೋ! ಇಲ್ಲಿ ಎರಡು ಗಂಟು ಬಿಡಿಸಬೇಕು. ‘ಇಂದ’ದ ಹಿಂದೆ ಇರುವುದು ಶುರುವಾದ ಹೊತ್ತೋ, ಕಳೆದ ಅವಧಿಯೋ ಎಂದು ಮಗುವನ್ನು ಕೇಳಿ. ಹೊತ್ತಾದರೆ (2015, ಸೋಮವಾರ, ಬೆಳಗ್ಗೆ) ‘ಸಿನ್ಸ್’. ಅವಧಿಯಾದರೆ (ಐದು ವರ್ಷ, ಎರಡು ಗಂಟೆ) ‘ಫಾರ್’. ಕ್ರಿಯಾಪದ ಎರಡಕ್ಕೂ ‘ಹ್ಯಾವ್ ಬೀನ್ ವರ್ಕಿಂಗ್’. ಆಗ ಶುರುವಾಗಿ ಈಗಲೂ ನಡೆಯುತ್ತಿರುವುದನ್ನು ಕನ್ನಡ ಈಗಿನ ತುದಿಯಿಂದ ನೋಡುತ್ತದೆ, ಇಂಗ್ಲಿಷು ಎರಡು ತುದಿಯನ್ನೂ ಸೇರಿಸಿ ನೋಡುತ್ತದೆ. ‘ಚಿಕ್ಕಂದಿನಿಂದ ಗೊತ್ತು’ ಎಂಬುದು ‘ಹ್ಯಾವ್ ನೋನ್’ ಆಗುವುದೂ ಹೀಗೆಯೇ.

ಇದರಲ್ಲಿ ಬರೀ ಅಂಕದ ಪ್ರಶ್ನೆ ಇಲ್ಲ. ‘ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’ ಎಂದು ಇಂಟರ್‌ವ್ಯೂನಲ್ಲಿ ಹೇಳಿದರೆ, ಎದುರು ಕೂತವರು ಈ ಹುಡುಗಿ ಆ ಕೆಲಸ ಬಿಟ್ಟಿದ್ದಾಳೆ ಎಂದುಕೊಳ್ಳುತ್ತಾರೆ. ಅವಳು ಇನ್ನೂ ಅಲ್ಲೇ ಇದ್ದರೆ? ಕೆಲಸ ಬಿಟ್ಟದ್ದೇಕೆ ಎಂಬ ಪ್ರಶ್ನೆ ಬರುತ್ತದೆ, ಅವಳು ಗಲಿಬಿಲಿಯಾಗುತ್ತಾಳೆ. ನನ್ನ ವಿದ್ಯಾರ್ಥಿನಿಯೊಬ್ಬಳು ನರ್ಸಿಂಗ್ ಓದಿ ಈಗ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಪಾಳಿ ಬದಲಾಗುವಾಗ ಮುಂದಿನ ನರ್ಸಿಗೆ ರೋಗಿಯ ಸ್ಥಿತಿ ಒಪ್ಪಿಸಬೇಕು. ‘ಮಾತ್ರೆ ಕೊಟ್ಟಿದ್ದೇನೆ’ ಎನ್ನಲು ‘ಹ್ಯಾವ್ ಗಿವನ್’, ‘ಎಂಟು ಗಂಟೆಗೆ ಕೊಟ್ಟೆ’ ಎನ್ನಲು ‘ಗೇವ್’. ಮೊದಮೊದಲು ಎರಡನ್ನೂ ಬೆರೆಸಿ ಬರೆಯುತ್ತಿದ್ದೆ, ಬರೆದ ಮೇಲೆ ಯಾವುದು ಸರಿ ಎಂದು ಅಲ್ಲೇ ನಿಂತು ಯೋಚಿಸುತ್ತಿದ್ದೆ ಎಂದು ಫೋನಿನಲ್ಲಿ ಹೇಳಿದಳು. ಅವಳಷ್ಟು ಬುದ್ಧಿವಂತೆಗೆ ಅಷ್ಟು ದೂರ ಹೋದ ಮೇಲೂ ಈ ಅಳುಕು ಉಳಿಯಬೇಕಿತ್ತೇ ಎಂದು ನನಗೆ ಬಹಳ ಹೊತ್ತು ಸಂಕಟವಾಯಿತು. ನಿಮ್ಮ ಮುಂದೆ ಇವತ್ತು ಕೂತಿರುವ ಹುಡುಗಿಯರಲ್ಲಿ ಅವಳ ಹಾಗೆ ಹೊರಡುವವರು ಎಷ್ಟು ಜನರಿದ್ದಾರೋ.

‘ಅಪ್ಪ ಮೈಸೂರಿಗೆ ಹೋಗಿದ್ದಾರೆ’ ಎಂಬ ವಾಕ್ಯವನ್ನೂ ಮರೆಯಬೇಡಿ. ಅಪ್ಪ ಈಗ ಮೈಸೂರಿನಲ್ಲಿದ್ದರೂ ಇದೇ ವಾಕ್ಯ, ಎರಡು ಸಲ ಹೋಗಿ ಬಂದು ಈಗ ಜಗಲಿಯಲ್ಲಿ ಕೂತಿದ್ದರೂ ಇದೇ ವಾಕ್ಯ. ಇಂಗ್ಲಿಷು ಇವನ್ನು ಬೇರೆ ಮಾಡುತ್ತದೆ: ಅಲ್ಲೇ ಇದ್ದರೆ ‘ಹ್ಯಾಸ್ ಗಾನ್’, ಹೋಗಿ ಬಂದಿದ್ದರೆ ‘ಹ್ಯಾಸ್ ಬೀನ್’. ಎರಡು ನಿಮಿಷದ ಪಾಠ, ಆದರೆ ಬಹಳ ಕಡೆ ಬಿಟ್ಟುಹೋಗಿರುವ ಪಾಠ.

ಇದಕ್ಕೆ ಉಲ್ಟಾ ಆಗುವ ಜಾಗವೂ ಇದೆ. ‘ಊಟ ಆಯ್ತಾ?’ ಎಂದು ನಾವು ಬರೀ ಭೂತಕಾಲದಲ್ಲಿ ಕೇಳುವುದನ್ನು ಬ್ರಿಟಿಷ್ ಇಂಗ್ಲಿಷ್ ‘ಹ್ಯಾವ್ ಯು ಹ್ಯಾಡ್’ ಎಂದು ಕೇಳುತ್ತದೆ. ಅಮೆರಿಕದಲ್ಲಿ ಮಾತ್ರ ‘ಡಿಡ್ ಯು ಈಟ್ ಯೆಟ್?’ ಎಂದರೂ ನಡೆಯುತ್ತದೆ, ‘ಐ ಆಲ್ರೆಡಿ ಏಟ್’ ಎಂದರೂ ನಡೆಯುತ್ತದೆ. ಅಲ್ಲಿ ಬೆಳೆದ ಮೊಮ್ಮಕ್ಕಳು ಬೇಸಿಗೆಗೆ ಊರಿಗೆ ಬಂದಾಗ ಹಾಗೆ ಮಾತಾಡಿದರೆ ದಯವಿಟ್ಟು ಅವರನ್ನು ತಿದ್ದಬೇಡಿ. ನಿಮ್ಮ ತರಗತಿಯ ಮಗು ಟಿವಿಯಲ್ಲಿ ಕೇಳಿ ಹಾಗೆ ಹೇಳಿದರೆ, ‘ಅದು ಅಮೆರಿಕದ ರೀತಿ, ಪರೀಕ್ಷೆಯಲ್ಲಿ ಹೀಗೆ ಬರಿ’ ಎಂದರೆ ಸಾಕು.

ಈಗ ನನ್ನ ಬೇಡಿಕೆಗಳನ್ನು ನೇರವಾಗಿ ಹೇಳುತ್ತೇನೆ.

ಈ ಪಾಠವನ್ನು ಫಾರ್ಮುಲಾದಿಂದ ಶುರುಮಾಡಬೇಡಿ. ಹಾಜರಿಯಿಂದ, ಬಸ್ಸಿನಿಂದ, ಮಕ್ಕಳ ಬಾಯಲ್ಲಿರುವ ಕನ್ನಡದಿಂದ ಶುರುಮಾಡಿ. ಫಾರ್ಮುಲಾ ಕೊನೆಗೆ ಬರಲಿ, ಆಗ ಅದು ಅವರಿಗೆ ಗೊತ್ತಿರುವುದಕ್ಕೆ ಇಟ್ಟ ಹೆಸರಾಗುತ್ತದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಆಡಿದರೆ ಮರ್ಯಾದೆ ಕಡಿಮೆ ಎಂಬ ಭಯವಿದ್ದರೆ ಅದನ್ನು ಬಿಡಿ. ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ.ಶ್ರೀ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಕನ್ನಡಕ್ಕೆ ಶಾಲೆಯಲ್ಲಿ ಅಗ್ರಸ್ಥಾನ ಬೇಕೆಂದು ವರದಿ ಕೊಟ್ಟ ವಿ.ಕೃ. ಗೋಕಾಕರು ಇಂಗ್ಲಿಷ್ ಕಲಿಸುವವರನ್ನು ತಯಾರು ಮಾಡುವ ಹೈದರಾಬಾದಿನ ಕೇಂದ್ರ ಸಂಸ್ಥೆಯ ನಿರ್ದೇಶಕರಾಗಿದ್ದವರು. ಒಂದು ಭಾಷೆ ಇನ್ನೊಂದಕ್ಕೆ ಅಡ್ಡ ಬರುತ್ತದೆ ಎಂದು ಅವರಿಗೆ ಅನಿಸಿರಲಾರದು.

ನಿಮ್ಮಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವವರೂ ಇದ್ದೀರಿ. ‘ಹೀ’ ಎಂದು ಬರೆದು, ಗೆರೆ ಎಳೆದು, ಕಂಸದಲ್ಲಿ ‘ಗೋ’ ಕೊಟ್ಟು, ಮುಂದೆ ‘ಟು ಮೈಸೂರ್’ ಎಂದಷ್ಟೇ ಇದ್ದರೆ ‘ವೆಂಟ್’ ಕೂಡ ಸರಿ, ‘ಹ್ಯಾಸ್ ಗಾನ್’ ಕೂಡ ಸರಿ. ಒಂದಕ್ಕೆ ಅಂಕ ಕೊಟ್ಟು ಇನ್ನೊಂದಕ್ಕೆ ಸೊನ್ನೆ ಹಾಕುವುದು ಅನ್ಯಾಯ. ವಾಕ್ಯದ ಮುಂದೆ ಒಂದು ಸಂದರ್ಭ ಕೊಡಿ: ಯಾರೋ ಬಾಗಿಲು ತಟ್ಟಿ ಅವನನ್ನು ಕೇಳುತ್ತಿದ್ದಾರೆ, ಅವನು ಮನೆಯಲ್ಲಿಲ್ಲ. ಆಗ ಉತ್ತರ ಒಂದೇ ಆಗುತ್ತದೆ, ಮಗು ಯೋಚಿಸಿ ಬರೆಯುತ್ತದೆ.

1963ರಿಂದ ಬೆಂಗಳೂರಿನಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆದು ಬಂದವರು ನಿಮ್ಮಲ್ಲಿ ಅನೇಕರು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ದಯವಿಟ್ಟು ಒಂದು ಗಂಟೆ ಈ ವಿಷಯಕ್ಕೆ ಕೇಳಿ ಪಡೆಯಿರಿ. ನಿಮ್ಮ ಶಾಲೆಯ ಕನ್ನಡ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಬಂದ’, ‘ಬಂದಿದ್ದಾನೆ’, ‘ಬಂದಿದ್ದ’, ‘ಬಂದಿಲ್ಲ’, ‘ಬರಲಿಲ್ಲ’ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಎದುರಿಗೆ ಇಂಗ್ಲಿಷ್ ಬರೆಯಿರಿ. ನಿಮ್ಮ ಊರಿನ ಮಾತಿನಲ್ಲಿ ಅವು ಹೇಗಿವೆಯೋ ಹಾಗೇ ಬರೆಯಿರಿ. ಧಾರವಾಡದ ಹಾಳೆಯೂ ಚಾಮರಾಜನಗರದ ಹಾಳೆಯೂ ಒಂದೇ ಥರ ಇರಬೇಕಿಲ್ಲ.

ಕೊನೆಯ ಬೇಡಿಕೆ ಕಾಪಿ ತಿದ್ದುವವರಿಗೆ. ‘ಐ ಹ್ಯಾವ್ ಕಮ್ ಯೆಸ್ಟರ್ಡೇ’ ಎಂದು ಬರೆದ ಮಗುವಿನ ಪುಸ್ತಕದಲ್ಲಿ ಬರೀ ಕೆಂಪು ಗುರುತು ಹಾಕಿ ಮುಂದೆ ಹೋಗಬೇಡಿ. ಅಂಚಿನಲ್ಲಿ ಒಂದು ಸಾಲು ಬರೆಯಿರಿ: ‘ನಿನ್ನೆ ಬಂದಿದ್ದೇನೆ ಎಂಬುದು ಕನ್ನಡದಲ್ಲಿ ಸರಿ, ಇಂಗ್ಲಿಷಿನಲ್ಲಿ ನಿನ್ನೆ ಎಂದ ಮೇಲೆ ಕೇಮ್.’ ಅರವತ್ತು ಕಾಪಿಗಳಿರುವ ತರಗತಿಯಲ್ಲಿ ಇದು ಹೆಚ್ಚಿನ ಕೆಲಸ ಎಂದು ಬಲ್ಲೆ. ಎಲ್ಲರಿಗೂ ಆಗದಿದ್ದರೆ ವಾರಕ್ಕೆ ಹತ್ತು ಮಕ್ಕಳಿಗಾದರೂ ಬರೆಯಿರಿ, ಮುಂದಿನ ವಾರ ಬೇರೆ ಹತ್ತು ಮಕ್ಕಳಿಗೆ.

ಗೌರವ ಮತ್ತು ವಿಶ್ವಾಸಗಳೊಂದಿಗೆ,

ಇತಿ ತಮ್ಮ,
ನಿವೃತ್ತ ಇಂಗ್ಲಿಷ್ ಶಿಕ್ಷಕಿ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ